ಕಿಟಕಿ ತೊಳೆಯೋ ವಾಟರ್ ಪೋಲ್: ಜಾಮ್ ಆದ್ರೆ, ಜಾರಿದ್ರೆ, ನೀರು ಬರ್ದಿದ್ರೆ ಏನ್ ಮಾಡ್ಬೇಕು

ಮಡಿಕೇರಿ, ಸುಂಟಿಕೊಪ್ಪ, ವಿರಾಜಪೇಟೆ ಕಡೆ ಈಚೆಗೆ ಕಟ್ಟಿರೋ ಹೋಮ್‌ಸ್ಟೇಗಳನ್ನ ನೋಡಿ, ತೋಟದ ಕಡೆ ಕಣಿವೆ ಕಡೆ ಮುಖ ಮಾಡಿ ನೆಲದಿಂದ ಮಾಡಿನವರೆಗೂ ಗಾಜು ಹಾಕ್ಸಿರ್ತಾರೆ. ಜೂನ್‌ನಲ್ಲಿ ಹಿಡ್ಕೊಂಡ ಮಳೆ ಸೆಪ್ಟೆಂಬರ್ ದಾಟೋಷ್ಟರಲ್ಲಿ ಆ ಗಾಜಿನ ಮೇಲೆ ಪಾಚಿ, ಕೆಂಪು ಮಣ್ಣಿನ ಸಿಡಿತ, ಜೇಡರಬಲೆ ಎಲ್ಲಾ ಕೂತಿರುತ್ತೆ, ಕೆಳಗೆ ನೋಡಿದ್ರೆ ಇಳಿಜಾರು, ಏಣಿ ಊರೋಕೆ ಸಮ ಜಾಗ ಸಿಗಲ್ಲ, ಸಿಕ್ಕಿದ್ರೂ ಪಾಚಿಗೆ ಜಾರುತ್ತೆ. ಅದಕ್ಕೇ ನೆಲದ ಮೇಲೆ ನಿಂತೇ ತೊಳೆಯೋ ವಾಟರ್ ಪೋಲ್ ನಮ್ಮ ಕಡೆ ಬಂತು. ಒಂದರೊಳಗೊಂದು ಸೇರ್ಕೊಳ್ಳೋ ಕೊಳವೆಗಳು (ಒಂದೊಂದೂ ಒಂದು ಸೆಕ್ಷನ್), ಎಳೆದ ಉದ್ದಕ್ಕೆ ಅವನ್ನ ಹಿಡಿದಿಡೋ ಕ್ಲ್ಯಾಂಪು, ಒಳಗೆ ಒಂದು ತೆಳು ಪೈಪು, ತುದಿಯಲ್ಲಿ ಬ್ರಷ್ಷು, ಬ್ರಷ್ಷಿನಲ್ಲಿ ನೀರು ಚಿಮ್ಮೋ ಜೆಟ್ಟು, ಶುದ್ಧ ನೀರು ಹಾಯಿಸಿ ಉಜ್ಜಿ ತೊಳೆದು ಹಾಗೇ ಒಣಗೋಕೆ ಬಿಡೋದು, ಅಷ್ಟೇ. ಒಳ್ಳೇ ಸಾಮಾನು, ಆದ್ರೆ ರೇಟು ಜಾಸ್ತಿ, ಇಲ್ಲಿ ರಿಪೇರಿ ಮಾಡೋರು ಸಿಗಲ್ಲ, ಆದ್ದರಿಂದ ನಮ್ಮ ಪೋಲನ್ನ ನಾವೇ ನೋಡ್ಕೊಳ್ಬೇಕು.

ನಾನು ಕಂಡ ಮಟ್ಟಿಗೆ ಕೊಡಗಿನಲ್ಲಿ ಪೋಲ್ ಹಾಳಾಗೋಕೆ ಎರಡೇ ಕಾರಣ, ಮಣ್ಣು ಮತ್ತೆ ತೇವ. ಇಡೀ ದಿನ ಚೆನ್ನಾಗಿ ಕೆಲ್ಸ ಮಾಡಿದ ಪೋಲನ್ನ ಸಾಯಂಕಾಲ ಹಾಗೇ ಮುಚ್ಚಿ ಜೀಪಿನ ಹಿಂದೆ ಹಾಕ್ತೀವಲ್ಲ, ಹಾಳಾಗೋದು ಅಲ್ಲಿಂದಲೇ ಶುರು. ಕೆಳಗೆ ಬರೆದಿರೋ ರಿಪೇರಿಗಳಲ್ಲಿ ಮುಕ್ಕಾಲು ಪಾಲು ಬೇಕೇ ಆಗಲ್ಲ, ಮುಚ್ಚೋಕೆ ಮುಂಚೆ ಒಂದು ಹತ್ತು ನಿಮಿಷ ಕೊಟ್ರೆ.

ರಿಪೇರಿಗೆ ಹೋಗೋ ಮುಂಚೆ ಕರೆಂಟಿನ ವಿಷ್ಯ, ಇದನ್ನ ದಯವಿಟ್ಟು ಹಾರಿಸ್ಬೇಡಿ. ಕಾಳುಮೆಣಸು ಕುಯ್ಯೋವಾಗ, ಮರಗಸಿ ಮಾಡೋವಾಗ (ನೆರಳು ಮರದ ಕೊಂಬೆ ಕಡಿಯೋವಾಗ) ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜೀವ ಹೋಗಿರೋ ಸುದ್ದಿ ನಮ್ಮ ಜಿಲ್ಲೆಯವರಿಗೆ ಗೊತ್ತು. ಪೋಲೂ ಅಷ್ಟೇ ಅಪಾಯ. ಅಲ್ಯೂಮಿನಿಯಂ ಸರಿ, ಅದು ಎಲ್ಲರಿಗೂ ಗೊತ್ತು, ಆದ್ರೆ ಕಾರ್ಬನ್ ಫೈಬರ್ ಕೂಡ ಕರೆಂಟ್ ಹಾಯಿಸುತ್ತೆ, ನೋಡೋಕೆ ಪ್ಲಾಸ್ಟಿಕ್ ಥರ ಇದೆ ಅಂತ ಮೋಸ ಹೋಗ್ಬೇಡಿ. ಫೈಬರ್ ಗ್ಲಾಸ್ ಒಣಗಿದ್ದಾಗ ಪರವಾಗಿಲ್ಲ, ಆದ್ರೆ ನಮ್ಮ ಕೆಲ್ಸದಲ್ಲಿ ಪೋಲ್ ಒಣಗಿರೋದೇ ಇಲ್ಲ, ಹೊರಗೂ ನೀರು ಒಳಗೂ ನೀರು, ಜೊತೆಗೆ ಕೊಳೆ. ಇಲ್ಲಿ ಲೈನು ತೋಟದ ಮರಗಳ ಸಂದಿಯಲ್ಲಿ ಹೋಗಿರುತ್ತೆ, ಮಂಜು ಮುಸುಕಿದ್ರೆ ಕಾಣಲ್ಲ. ಕೆಲ್ಸ ಶುರು ಮಾಡೋ ಮುಂಚೆ ಮನೆ ಸುತ್ತ ಒಂದು ಸುತ್ತು ತಲೆ ಎತ್ತಿ ನಡೀರಿ. ಪೂರ್ತಿ ಎಳೆದ ಪೋಲ್ ಯಾವುದೋ ಒಂದು ಕಡೆ ಬಿದ್ದು ಲೈನಿಗೆ ಮುಟ್ಟೋ ಹಾಗಿದ್ರೂ ಅಲ್ಲಿ ಪೋಲ್ ಎತ್ಲೇಬೇಡಿ, ಕರೆಂಟ್ ಕಂಪನಿ ಚೆಸ್ಕಾಂಗೆ ಹೇಳಿ ಲೈನ್‌ಮ್ಯಾನ್ ಬಂದು ಆಫ್ ಮಾಡಿದ್ರೆ ನೋಡೋಣ, ಇಲ್ಲಾಂದ್ರೆ ಆ ಕಿಟಕಿ ಬಿಟ್ಟುಬಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲೂ ಹಾಗೇ, ದೂರದಲ್ಲಿ ಗುಡುಗಿದ್ರೆ ಸಾಕು, ಪೋಲ್ ಇಳಿಸಿ.

ಸರಿ, ಈಗ ಪೋಲ್ ಜಾಮ್ ಆಗೋದು. ಎಳೆದ್ರೆ ಬರಲ್ಲ, ತಳ್ಳಿದ್ರೆ ಹೋಗಲ್ಲ. ಮೊದಲು ಜೋರು ಮಾಡೋದನ್ನ ನಿಲ್ಸಿ. ಪ್ಲೈಯರ್ ಹಾಕಿ ಹಿಡಿಯೋದು, ಬುಡ ನೆಲಕ್ಕೆ ಕುಟ್ಟೋದು, ಬೆಂಕಿ ತೋರಿಸೋದು ಈ ಮೂರೂ ಪೋಲನ್ನ ಸಾಯಿಸೋ ಕೆಲ್ಸ. ಕ್ಲ್ಯಾಂಪ್ ಪೂರ್ತಿ ಬಿಚ್ಚಿದೆಯಾ ನೋಡಿ, ಲಿವರ್ ಎತ್ತಿದ್ರೂ ಒಳಗಿನ ಕಾಲರ್ ಮಣ್ಣು ಕಚ್ಕೊಂಡು ಹಿಡ್ಕೊಂಡಿರುತ್ತೆ ಕೆಲವೊಮ್ಮೆ. ಆಮೇಲೆ ಬುಡದ ರಬ್ಬರ್ ಕ್ಯಾಪ್ ತೆಗೀರಿ. ಎರಡು ಕೊಳವೆ ನಡುವೆ ನೀರು ತುಂಬಿ ಗಾಳಿ ಆಡದೆ ಇದ್ರೆ ಒಳಗೆಳೆದ ಹಾಗೆ ಹಿಡ್ಕೊಳ್ಳುತ್ತೆ, ಕ್ಯಾಪ್ ತೆಗೆದ ತಕ್ಷಣ ಸಡಿಲ ಆಗೋದೂ ಉಂಟು. ಆಗ್ಲಿಲ್ಲಾಂದ್ರೆ ಸಂದಿಗೆ ಉಗುರು ಬೆಚ್ಚಗಿನ ನೀರು ಚೆನ್ನಾಗಿ ಸುರೀರಿ, ಮೇಲಿಂದಲೂ ಕೆಳಗಿಂದಲೂ, ಪೋಲನ್ನ ಓರೆಯಾಗಿ ಇಟ್ಟು ಕೆಸರು ನೀರು ಇಳಿದು ಹೋಗೋಕೆ ಬಿಡಿ. ಆಮೇಲೆ ಇಬ್ಬರು ನಿಂತ್ಕೊಳ್ಳಿ, ಒಬ್ಬರು ದಪ್ಪ ಕೊಳವೆ, ಇನ್ನೊಬ್ಬರು ಸಣ್ಣದು, ಇಬ್ಬರಿಗೂ ರಬ್ಬರ್ ಗ್ಲೌಸು, ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಎಳೀರಿ. ಕರಕರ ಸದ್ದು ಬಂದ್ರೆ ಅಲ್ಲೇ ನಿಲ್ಸಿ ಮತ್ತೆ ನೀರು ಹಾಕಿ, ಆ ಸದ್ದು ಮರಳು ಕೊಳವೆ ಗೋಡೆಯನ್ನ ಗೀರ್ತಾ ಇರೋದು. ಒಂದು ಸಲ ಆಳವಾಗಿ ಗೀರು ಬಿದ್ರೆ ಮುಂದಿನ ಸಲ ಮಣ್ಣು ಆ ಗೀರಲ್ಲೇ ಹೋಗಿ ಕೂರುತ್ತೆ, ಅಲ್ಲಿಂದ ಮುಂದೆ ಜಾಮ್ ಆಗೋದು ಮಾಮೂಲಾಗ್ಬಿಡುತ್ತೆ.

ಬಿಡಿಸಿದ ಮೇಲೆ ಎಲ್ಲಾ ಸೆಕ್ಷನ್ ಬೇರೆ ಮಾಡಿ ತೊಳೀರಿ. ಹಳೇ ಬನಿಯನ್ ಒದ್ದೆ ಮಾಡಿ ಕೊಳವೆ ಸುತ್ತ ಹಿಡ್ಕೊಂಡು ಈ ತುದಿಯಿಂದ ಆ ತುದಿಗೆ ಒಂದೇ ಎಳೆತ ಎಳೆದು ಬಟ್ಟೆ ಬಿಚ್ಚಿ ನೋಡಿ, ಕೆಂಪು ಗೆರೆ, ಅದರ ನಡುವೆ ಮಿಣಮಿಣ ಅನ್ನೋ ಮರಳಿನ ಕಾಳು ಕಾಣುತ್ತೆ. ಅದು ಕಾಣದೇ ಇರೋವರೆಗೆ ತೊಳೀಬೇಕು. ಒಳಗಡೆಗೆ ಉದ್ದ ಕೋಲಿಗೆ ಮೆತ್ತಗಿನ ಬಟ್ಟೆ ಸುತ್ತಿ ನೀರು ಬಿಡ್ತಾ ಎಳೆದ್ರೆ ಆಯ್ತು. ಬೇಕಾದ್ರೆ ಪಾತ್ರೆ ತೊಳೆಯೋ ಸೋಪ್ ನೀರು ಒಂಚೂರು, ಅದನ್ನೂ ಪೂರ್ತಿ ಹೋಗೋ ಹಾಗೆ ತೊಳೀರಿ, ಸೋಪು ಉಳಿದ್ರೆ ನಾಳೆ ಗಾಜಿನ ಮೇಲೆ ಇಳಿಯುತ್ತೆ. ಎಣ್ಣೆ, ಗ್ರೀಸು, ತುಕ್ಕು ಬಿಡಿಸೋ ಸ್ಪ್ರೇ ಇದ್ಯಾವುದನ್ನೂ ಕೊಳವೆಗೆ ಹಚ್ಬೇಡಿ. ಹಚ್ಚಿದ ದಿನ ನೈಸಾಗಿ ಜಾರುತ್ತೆ, ಖುಷಿಯಾಗುತ್ತೆ, ನಾಲ್ಕು ದಿನಕ್ಕೆ ಆ ಜಿಡ್ಡಿಗೆ ಮಣ್ಣೆಲ್ಲಾ ಅಂಟಿ ಅರೆಯೋ ಪೇಸ್ಟ್ ಆಗಿರುತ್ತೆ, ಅದರ ಮೇಲೆ ಕ್ಲ್ಯಾಂಪ್ ಹಿಡಿಯೋದೂ ಇಲ್ಲ. ವಾಟರ್ ಪೋಲಿಗೆ ನೀರೇ ಎಣ್ಣೆ.

ಜಾಮ್ ಆಗೋದರ ಉಲ್ಟಾ, ಮೇಲೆ ಎತ್ತಿದ ಪೋಲ್ ತಾನಾಗೇ ಕೆಳಗೆ ಜಾರೋದು. ಇದು ಜಾಮ್‌ಗಿಂತ ಅಪಾಯ, ಬೆರಳು ಸಿಕ್ಕಿಹಾಕ್ಕೊಳ್ಳೋದು ಇದರಲ್ಲೇ. ಜಾರಿದ ತಕ್ಷಣ ಎಲ್ಲರೂ ಸ್ಕ್ರೂ ಟೈಟ್ ಮಾಡ್ತಾರೆ, ಅದು ಎರಡನೇ ಕೆಲ್ಸ. ಮೊದಲು ಕ್ಲ್ಯಾಂಪ್ ಬಿಚ್ಚಿ ಒಳಗಡೆ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತೊಳೀರಿ, ಕೊಳವೆ ಮೇಲೆ ಪಾಚಿ ಲೋಳೆ ಇದ್ರೆ ಒರೆಸಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಆಮೇಲೂ ಜಾರಿದ್ರೆ ಲಿವರ್ ಬಿಚ್ಚಿಟ್ಟು ಸ್ಕ್ರೂ ಅಥವಾ ನಟ್ಟನ್ನ ಕಾಲು ಸುತ್ತು ಮಾತ್ರ ತಿರುಗಿಸಿ, ಲಿವರ್ ಹಾಕಿ ನೋಡಿ. ನೋಡೋ ರೀತಿ ಹೀಗೆ: ಆ ಒಂದು ಸೆಕ್ಷನ್ ಮಾತ್ರ ಸ್ವಲ್ಪ ಹೊರಗೆಳೆದು ಕ್ಲ್ಯಾಂಪ್ ಹಾಕಿ, ಪೋಲನ್ನ ನೆಟ್ಟಗೆ ನಿಲ್ಸಿ ಎರಡು ಕೈಯಿಂದ ಮೇಲಿನ ಕೊಳವೆಯನ್ನ ಕೆಳಕ್ಕೆ ಒತ್ತಿ. ಇಳೀಬಾರದು, ತಿರುಗಲೂಬಾರದು. ಆದ್ರೆ ಲಿವರ್ ಹಾಕೋಕೆ ಹೆಬ್ಬೆರಳು ಸಾಕಾಗ್ಬೇಕು, ಅಂಗೈ ಇಟ್ಟು ಒತ್ತಬೇಕಾಗಿ ಬಂದ್ರೆ ಅದು ಅತಿಯಾಯ್ತು ಅಂತ ಅರ್ಥ, ಕೊಳವೆ ತುದಿ ಅಲ್ಲೇ ಬಿರುಕು ಬಿಡುತ್ತೆ, ಕಾರ್ಬನ್ನಲ್ಲಂತೂ ಬೇಗ. ಸ್ಕ್ರೂ ಕೊನೆ ಮುಟ್ಟಿದ್ರೂ ಹಿಡೀತಿಲ್ಲ ಅಂದ್ರೆ ಕ್ಲ್ಯಾಂಪ್ ಸವೆದಿದೆ ಅಥವಾ ಆ ಜಾಗದಲ್ಲಿ ಕೊಳವೆ ಸವೆದಿದೆ. ಕ್ಲ್ಯಾಂಪ್ ಒಂದೇ ಬದಲಾಯಿಸಬಹುದು, ಆದ್ರೆ ಪ್ರತಿ ಸೆಕ್ಷನ್ನಿಗೂ ಅಳತೆ ಬೇರೆ, ಹಳೇದನ್ನ ಕೈಯಲ್ಲಿಟ್ಕೊಂಡೇ ಆರ್ಡರ್ ಮಾಡಿ. ಕೆಲವು ಪೋಲಿನಲ್ಲಿ ಕ್ಲ್ಯಾಂಪ್ ಅಂಟು ಹಾಕಿ ಕೂರಿಸಿರ್ತಾರೆ, ಹಳೇ ಅಂಟು ಪೂರ್ತಿ ಕೆರೆದು ತೆಗೆದ ಮೇಲೇ ಹೊಸದು ಹಾಕ್ಬೇಕು. ರಬ್ಬರ್ ಟ್ಯೂಬ್ ಚೂರು, ಇನ್ಸುಲೇಷನ್ ಟೇಪ್ ಸುತ್ತಿ ಟೈಟ್ ಮಾಡೋರನ್ನ ನೋಡಿದ್ದೀನಿ, ನನಗೆ ಅದು ಇಷ್ಟ ಇಲ್ಲ, ನೆಲದ ಮೇಲೆ ಚೆನ್ನಾಗಿ ಹಿಡಿಯುತ್ತೆ, ಮೂರನೇ ಮಹಡಿ ಎತ್ತರದಲ್ಲಿ ನೀರು ಕುಡಿದು ಜಾರುತ್ತೆ.

ಎತ್ತೋವಾಗ ಸಣ್ಣ ಸೆಕ್ಷನ್ ಮೊದಲು, ಇಳಿಸೋವಾಗ ಕೈಗೆ ಹತ್ತಿರ ಇರೋ ಬುಡದ ದಪ್ಪದ್ದು ಮೊದಲು. ಇಳಿಸೋವಾಗ ಒಂದು ಕೈ ಕ್ಲ್ಯಾಂಪಿನ ಕೆಳಗೆ, ಇನ್ನೊಂದು ಕೈ ಮೇಲಿನ ಕೊಳವೆಯನ್ನ ಗಟ್ಟಿಯಾಗಿ ಹಿಡಿದಿರ್ಬೇಕು, ಬಿಟ್ಟು ದಡಾರ್ ಅಂತ ಬೀಳೋಕೆ ಬಿಟ್ರೆ ಒಳಗಿನ ತುದಿಗಳು ಒಡೆಯುತ್ತೆ, ಪೈಪು ನಡುವೆ ಸಿಕ್ಕಿ ನಜ್ಜಾಗುತ್ತೆ.

ಇನ್ನು ನೀರಿನ ಪ್ರೆಶರ್ ಇಲ್ಲ ಅನ್ನೋ ದೂರು. ಎಲ್ಲರೂ ಮೊದಲು ಪಂಪಿಗೇ ಬಯ್ತಾರೆ. ಲೆಕ್ಕ ನೋಡಿ, 10 ಮೀಟರ್ ಎತ್ತರಕ್ಕೆ ನೀರು ಏರೋಕೆ ಬೇಕಿರೋದು ಸುಮಾರು 1 ಬಾರ್, ಅಂದ್ರೆ 14-15 ಪಿಎಸ್‌ಐ. ತೋಟದಲ್ಲಿ ಔಷಧಿ ಹೊಡೆಯೋ ಬ್ಯಾಟರಿ ಸ್ಪ್ರೇಯರಿನಲ್ಲಿ ಇರೋ ಥರದ 12 ವೋಲ್ಟ್ ಡಯಾಫ್ರಾಮ್ ಪಂಪೇ ಇದಕ್ಕೂ ಹಾಕೋದು, ಅದಕ್ಕೆ ಈ ಎತ್ತರ ಕಷ್ಟ ಅಲ್ಲ. ನಿಜವಾಗ್ಲೂ ಪ್ರೆಶರ್ ತಿನ್ನೋದು ನೆಲದ ಮೇಲೆ ಎಳೆದಿರೋ ಉದ್ದ ಸಣ್ಣ ಪೈಪು, ಅದರಲ್ಲಿರೋ ಮಡಿಕೆ, ಕಸ ಕಟ್ಟಿರೋ ಜೆಟ್ಟು. ಪಂಪೇ ಇಲ್ಲದೆ ಮನೆ ಮೇಲಿನ ಟ್ಯಾಂಕಿಂದ ನೇರ ಕನೆಕ್ಷನ್ ಕೊಟ್ಟಿದ್ರೆ ಮಾತ್ರ ಎತ್ತರದ್ದೇ ತೊಂದ್ರೆ, ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ನೀರು ಏರೋದೇ ಇಲ್ಲ.

ಹುಡುಕೋದು ತುದಿಯಿಂದ ಹಿಂದಕ್ಕೆ. ಬ್ರಷ್ಷು ಬಿಚ್ಚಿ ಬರೀ ಪೈಪಿನ ಬಾಯಲ್ಲಿ ನೀರು ನೋಡಿ. ಅಲ್ಲಿ ಚೆನ್ನಾಗಿ ಬಂದ್ರೆ ಜೆಟ್ ಕಟ್ಟಿದೆ. ಅಲ್ಲೂ ಕಮ್ಮಿ ಇದ್ರೆ ಪೋಲಿನ ಬುಡದ ಜಾಯಿಂಟ್ ಬಿಚ್ಚಿ ನೋಡಿ, ಅಲ್ಲಿ ಚೆನ್ನಾಗಿ ಬಂದ್ರೆ ಪೋಲಿನೊಳಗಿನ ಪೈಪ್ ಎಲ್ಲೋ ಮಡಚಿದೆ. ಅಲ್ಲೂ ಇಲ್ಲಾಂದ್ರೆ ನೆಲದ ಪೈಪ್ ಪೂರ್ತಿ ಬಿಚ್ಚಿ ಹಾಸಿ, ರೀಲಿನಲ್ಲಿ ಸುತ್ತಿದ ಹಾಗೇ ಇದ್ರೆ ಒಳಸುತ್ತಿನಲ್ಲಿ ಚಪ್ಪಟೆಯಾಗಿರುತ್ತೆ, ಜೀಪಿನ ಚಕ್ರದಡಿ ಸಿಕ್ಕಿರೋದೂ ಉಂಟು. ಕೊನೆಗೆ ಪಂಪಿನ ಮುಂದೆ ಇರೋ ಸಣ್ಣ ಜಾಲರಿ ಫಿಲ್ಟರ್ ತೆಗೆದು ತೊಳೀರಿ. ಪಂಪ್ ಓಡ್ತಿದೆ, ಸದ್ದು ಬೇರೆ ಥರ ಇದೆ, ನೀರೇ ಇಲ್ಲ ಅಂದ್ರೆ ಗಾಳಿ ಹಿಡಿದಿದೆ, ಹೊರಗೆ ಹೋಗೋ ಪೈಪ್ ಬಿಚ್ಚಿ ನೀರು ಬರೋವರೆಗೆ ಓಡಿಸಿ. ಪಂಪ್ ಒಂದು ಕ್ಷಣ ಓಡಿ ನಿಂತು ಮತ್ತೆ ಓಡ್ತಿದ್ರೆ ಮುಂದೆ ಎಲ್ಲೋ ಕಟ್ಟಿದೆ ಅಂತ. ಬ್ಯಾಟರಿಯನ್ನೂ ನೋಡಿ, ಲೆಡ್ ಆಸಿಡ್ ಬ್ಯಾಟರಿ ಫುಲ್ ಚಾರ್ಜಲ್ಲಿ 12.7 ವೋಲ್ಟ್ ಹತ್ತಿರ ತೋರಿಸುತ್ತೆ, ಕೆಲ್ಸ ನಿಲ್ಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12ಕ್ಕಿಂತ ಕೆಳಗಿದ್ರೆ ಚಾರ್ಜಿಗೆ ಹಾಕಿ, ಇನ್ನೂ ಎಳೆದ್ರೆ ಬ್ಯಾಟರಿನೇ ಹೋಗುತ್ತೆ.

ಕಟ್ಟಿದ ಜೆಟ್ಟಿಗೆ ಮೊಳೆ, ಡ್ರಿಲ್ ಬಿಟ್ ಬೇಡ. ತೂತು ಒಂದು ಸ್ವಲ್ಪ ದೊಡ್ಡದಾದ್ರೂ ನೀರು ಒಂದೇ ಕಡೆ ಸುರಿಯೋಕೆ ಶುರುವಾಗುತ್ತೆ. ಬಿಚ್ಚಿ ಹಿಂದಿನಿಂದ ನೀರು ಬಿಡಿ, ಕಡ್ಡಿ ತುದಿಯಿಂದ ಕಸ ತಳ್ಳಿ. ಕಟ್ಟೋದು ಸಾಮಾನ್ಯವಾಗಿ ಪೈಪ್ ಕತ್ತರಿಸಿದಾಗ ಉಳಿದ ಪ್ಲಾಸ್ಟಿಕ್ ಚೂರಿನಿಂದ, ಅಥವಾ ಪೈಪಿನೊಳಗೆ ಬೆಳೆದ ಪಾಚಿಯಿಂದ. ಕಾಣೋ ಥರದ ಬಿಳಿ ಪೈಪು, ಬಿಳಿ ಕ್ಯಾನು ಬಿಸಿಲಲ್ಲಿ ಇಟ್ರೆ ಹಸಿರು ಬರೋದೇ, ಕಪ್ಪು ಟ್ಯಾಂಕು ಬಳಸಿ, ದಿನಾ ಕೊನೆಗೆ ಪೈಪಿನ ನೀರು ಊದಿ ಖಾಲಿ ಮಾಡಿ.

ಇಲ್ಲೊಂದು ಮುಖ್ಯ ಮಾತು, ಪಂಪ್ ಒಂದೇ ಥರ ಇದೆ ಅಂತ ತೋಟದ ಸ್ಪ್ರೇಯರನ್ನೇ ತಂದು ಪೋಲಿಗೆ ಸಿಗಿಸ್ಬೇಡಿ. ಬೋರ್ಡೋ ದ್ರಾವಣ ಹೊಡೆದ ಟ್ಯಾಂಕಿನಲ್ಲಿ ಮೈಲುತುತ್ತ, ಸುಣ್ಣ ಎಷ್ಟು ತೊಳೆದ್ರೂ ಮೂಲೆಯಲ್ಲಿ ಉಳಿಯುತ್ತೆ, ಸುಣ್ಣ ಜೆಟ್ಟಿಗೆ ಕೂರುತ್ತೆ, ಗಾಜಿಗೆ ಕಲೆ ಬೀಳುತ್ತೆ.

ಸೋರೋದು ಬಹಳ ಸಲ ಒತ್ತಿ ಕೂರಿಸೋ ಜಾಯಿಂಟುಗಳಲ್ಲಿ. ಪೈಪಿನ ತುದಿ ಓರೆಯಾಗಿ ಕತ್ತರಿಸಿದ್ರೆ ಒಳಗಿನ ರಬ್ಬರ್ ರಿಂಗಿಗೆ ಸರಿಯಾಗಿ ಕೂರಲ್ಲ, ಹೊಸ ಬ್ಲೇಡಿನಿಂದ ನೇರ ಕತ್ತರಿಸಿ, ತುದಿ ಗೀರಿದ್ರೆ ಒಂದಿಂಚು ಕಡಿದು ಮತ್ತೆ ಹಾಕಿ, ಕೂತ ಮೇಲೆ ಹಿಂದಕ್ಕೆ ಎಳೆದು ನೋಡಿ. ತುರ್ತಿಗೆ ಕುಶಾಲನಗರ, ಮಡಿಕೇರಿಯಲ್ಲಿ ಆರ್‌ಒ ಫಿಲ್ಟರ್ ರಿಪೇರಿ ಅಂಗಡಿಯಲ್ಲಿ ಇದೇ ಥರದ ಜಾಯಿಂಟು ಸಿಗಬಹುದು, ಆದ್ರೆ ಅಳತೆ ನೋಡಿ ತಗೊಳ್ಳಿ. ಅವರದ್ದು ಹೆಚ್ಚಾಗಿ ಕಾಲಿಂಚಿನ ಪೈಪು, ಅಂದ್ರೆ 6.35 ಮಿಲಿಮೀಟರ್, ಅದರ ಜಾಯಿಂಟಿಗೆ 6 ಮಿಲಿಮೀಟರ್ ಪೈಪ್ ಹಾಕಿದ್ರೆ ಕೂತ ಹಾಗೆ ಕಾಣುತ್ತೆ, ಪ್ರೆಶರ್ ಬಂದಾಗ ಸೋರುತ್ತೆ ಇಲ್ಲಾ ಹಾರಿಹೋಗುತ್ತೆ. ಪೋಲಿನೊಳಗಿನ ಪೈಪು ಸಾಮಾನ್ಯವಾಗಿ ಹೊರ ಅಳತೆ 8 ಮಿಲಿಮೀಟರ್ ಇರುತ್ತೆ, ಕೊಳ್ಳೋ ಮುಂಚೆ ಅಳೆದುಕೊಳ್ಳಿ.

ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆ ಬಂದ್ರೆ ಪೋಲಿಗೆ ಬಯ್ಯೋ ಮುಂಚೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಖನಿಜ ಅಳೆಯೋದು) ನೀರಿಗೆ ಅದ್ದಿ. 0 ಇದ್ರೆ ಬೆಸ್ಟು, 10 ದಾಟಿದ್ರೆ ಚುಕ್ಕೆ ಬೀಳೋ ಕಾಲ ಬಂತು ಅಂತ ತಿಳ್ಕೊಳ್ಳಿ. ಮನೇಲಿ ಕುಡಿಯೋ ಆರ್‌ಒ ನೀರು ಸಾಕಲ್ವಾ ಅಂತ ಕೇಳ್ತಾರೆ, ಸಾಲಲ್ಲ, ರುಚಿಗೆ ಅಂತ ಅದರಲ್ಲಿ ಖನಿಜ ಬಿಟ್ಟಿರ್ತಾರೆ. ಕೊನೆಯಲ್ಲಿ ಡಿಐ ರೆಸಿನ್ ಸಿಲಿಂಡರ್ (ನೀರಲ್ಲಿ ಉಳಿದ ಖನಿಜ ಹಿಡ್ಕೊಳ್ಳೋ ಸಣ್ಣ ಮಣಿ ತುಂಬಿದ್ದು) ಬೇಕೇ ಬೇಕು. ರೆಸಿನ್ ಎಷ್ಟು ದಿನ ಬರುತ್ತೆ ಅನ್ನೋದು ಒಳಗೆ ಹೋಗೋ ನೀರಿನ ಮೇಲೆ, 200 ಟಿಡಿಎಸ್ ನೀರು ಹಾಕಿದ್ರೆ 20ರ ನೀರಿಗಿಂತ ಹತ್ತು ಪಟ್ಟು ಬೇಗ ಮುಗಿಯುತ್ತೆ. ಇಲ್ಲಿ ನಮಗೊಂದು ಅನುಕೂಲ ಇದೆ, ಮಳೆ ನೀರು. ಮಳೆ ನೀರಿನ ಟಿಡಿಎಸ್ ಬೋರ್ ನೀರಿಗಿಂತ ತುಂಬಾ ಕಮ್ಮಿ, ಮಾಡಿನ ಮೇಲಿನ ಕಸ ಪಾಚಿ ಹೋಗೋ ಹಾಗೆ ಮೊದಲ ಕೆಲವು ಮಳೆ ಬಿಟ್ಟು ಆಮೇಲೆ ಹಿಡಿದು, ಬಟ್ಟೆಯಲ್ಲಿ ಸೋಸಿ, 5 ಮೈಕ್ರಾನ್ ಫಿಲ್ಟರ್ ದಾಟಿಸಿ ರೆಸಿನ್‌ಗೆ ಕೊಟ್ರೆ ರೆಸಿನ್ ಬಹಳ ದಿನ ಬರುತ್ತೆ, ಇಷ್ಟು ಮಳೆ ಸುರಿಯೋ ಊರಲ್ಲಿದ್ದು ಬೋರ್ ನೀರಿಗೆ ರೆಸಿನ್ ಸುಡೋದು ನನಗೆ ಸಂಕಟ ಆಗುತ್ತೆ. ಬೋರ್ ನೀರೇ ಗತಿ ಅಂದ್ರೆ ಬಕೆಟಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟು ನೋಡಿ, ಕೆಂಪಗಾದ್ರೆ ಕಬ್ಬಿಣ ಇದೆ, ಆ ನೀರು ಆರ್‌ಒ ಒಳಗಿನ ಸೋಸೋ ಪೊರೆ ಅಂದ್ರೆ ಮೆಂಬ್ರೇನನ್ನೂ, ರೆಸಿನನ್ನೂ ಕೆಡಿಸುತ್ತೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದ್ರೆ ಮೆಂಬ್ರೇನಿಗೆ ಮುಂಚೆ ಕಾರ್ಬನ್ ಫಿಲ್ಟರ್ ಇರ್ಲೇಬೇಕು.

ಚುಕ್ಕೆ ಬರೋಕೆ ಇನ್ನೊಂದು ಕಾರಣ ಕಿಟಕಿ ಮೇಲಿನ ಚೌಕಟ್ಟಿನಿಂದ ಕೊಳೆ ನೀರು ಇಳಿಯೋದು. ಮೊದಲು ಚೌಕಟ್ಟು ತೊಳೆದು, ಆಮೇಲೆ ಗಾಜು, ಕೊನೆಗೆ ಬ್ರಷ್ ಸ್ವಲ್ಪ ದೂರ ಹಿಡಿದು ಮೇಲಿಂದ ಕೆಳಕ್ಕೆ ಬರೀ ನೀರು.

ಬ್ರಷ್ಷನ್ನ ಕೂದಲು ಕೆಳಗೆ ಮಾಡಿ ಯಾವತ್ತೂ ನಿಲ್ಲಿಸ್ಬೇಡಿ, ನೇತು ಹಾಕಿ. ನೈಲಾನ್ ಕೂದಲು ಬಾಗಿದ್ರೆ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿದ್ರೆ ನೆಟ್ಟಗಾಗುತ್ತೆ.

ಬಿರುಕಿನ ವಿಷ್ಯದಲ್ಲಿ ದಾಕ್ಷಿಣ್ಯ ಬೇಡ. ಕೊಳವೆ ತುದಿಯಲ್ಲಿ ಉದ್ದಕ್ಕೆ ಕೂದಲೆಳೆ ಬಿರುಕು ಕಂಡ್ರೆ ಆ ಸೆಕ್ಷನ್ ಪಕ್ಕಕ್ಕಿಡಿ, ಎಂ-ಸೀಲ್ ಮೆತ್ತಿ ಮೇಲೆ ಎತ್ಬೇಡಿ, ಕೆಳಗೆ ಅತಿಥಿಗಳ ಮಕ್ಕಳು ಓಡಾಡ್ತಿರ್ತಾರೆ. ಕೈಗೆ ಕಪ್ಪು ಪುಡಿ ಹತ್ತೋದು, ಸಣ್ಣ ಮುಳ್ಳು ಚುಚ್ಚೋದು ಶುರುವಾದ್ರೆ ಕೊಳವೆ ಮೇಲಿನ ಗಟ್ಟಿ ಅಂಟಿನ ಪದರ ಸವೆದಿದೆ, ಗ್ಲೌಸ್ ಹಾಕದೆ ಮುಟ್ಬೇಡಿ. ಮರಳು ಕಾಗದ ಉಜ್ಜಬೇಕಾದ್ರೆ ಒದ್ದೆ ಮಾಡ್ಕೊಂಡೇ ಉಜ್ಜಿ, ಮಾಸ್ಕ್ ಹಾಕಿ, ಆ ಪುಡಿ ಉಸಿರಿಗೆ ಹೋಗಬಾರದು.

ಮಳೆಗಾಲದಲ್ಲಿ ಇಡೋದು ನಮ್ಮ ಕಡೆ ದೊಡ್ಡ ತಲೆನೋವು, ಬಟ್ಟೆನೇ ಒಣಗಲ್ಲ, ಪೋಲ್ ಹೇಗೆ ಒಣಗುತ್ತೆ. ಸೆಕ್ಷನ್ ಬಿಡಿ ಬಿಡಿ ಮಾಡಿ, ಬುಡದ ಕ್ಯಾಪ್ ತೆಗೆದು, ಗಾಳಿ ಆಡೋ ಕಡೆ ಓರೆಯಾಗಿ ನಿಲ್ಸಿ ನೀರು ಇಳಿಯೋಕೆ ಬಿಡಿ, ಆಮೇಲೆ ಗೋಡೆಗೆ ಅಡ್ಡವಾಗಿ ಮೂರು ನಾಲ್ಕು ಕಡೆ ಆಧಾರ ಕೊಟ್ಟು ಇಡಿ. ಬೇಗ ಒಣಗ್ಲಿ ಅಂತ ಒಲೆ ಪಕ್ಕ, ಹೊಗೆ ಅಟ್ಟದಲ್ಲಿ ಇಡ್ಬೇಡಿ, ಬಿಸಿಗೆ ಅಂಟು ಸಡಿಲ ಆಗುತ್ತೆ, ಬೇಸಿಗೆಯಲ್ಲಿ ಕಾಫಿ ಕಣದ ಬಿಸಿಲಿನಲ್ಲಿ ಬಿಡೋದೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ರೆ ಬೂಷ್ಟು ಖಂಡಿತ, ಹತ್ತಿ ಬಟ್ಟೆಯ ಕವರ್ ಸಾಕು. ಕೊಳವೆಯ ಎರಡೂ ಬಾಯಿಗೆ ಮತ್ತೆ ಪೈಪಿನ ಬಾಯಿಗೆ ತೆಳು ಸೊಳ್ಳೆಪರದೆ ಬಟ್ಟೆ ಕಟ್ಟಿ, ಗಾಳಿ ಆಡುತ್ತೆ, ಹುಳ ಹೋಗಲ್ಲ. ಇದು ಯಾಕೆ ಅಂದ್ರೆ ಕುಂಬಾರ ಹುಳ ಇಂಥ ತೂತು ಕಂಡ್ರೆ ಬಿಡಲ್ಲ, ಮಣ್ಣು ತಂದು ಮೆತ್ತಿ ಗೂಡು ಮಾಡುತ್ತೆ, ಮಳೆ ಮುಗಿದು ಪಂಪ್ ಹಾಕಿದಾಗ ಆ ಮಣ್ಣೆಲ್ಲಾ ನೇರ ಜೆಟ್ಟಿಗೆ ಬರುತ್ತೆ. ಇಲಿ ಇರೋ ಗೋಡೌನ್ ಆದ್ರೆ ಪೈಪನ್ನ ಡ್ರಮ್ಮಿನಲ್ಲಿಟ್ಟು ಮುಚ್ಚಳ ಹಾಕಿ. ರೆಸಿನ್ ಮಾತ್ರ ಒಣಗಬಾರದು, ಸಿಲಿಂಡರ್ ಎರಡೂ ಕಡೆ ಮುಚ್ಚಿ ನೆರಳಲ್ಲಿಡಿ, ಮೀನಿನ ವಾಸನೆ ಬಂದ್ರೆ ಅದರ ಕಾಲ ಮುಗೀತು.

ಕೈಲ್‌ಪೊಳ್ದ್ (ಕೊಡಗಿನ ಆಯುಧ ಹಬ್ಬ) ಕಳೆದು ಮಳೆ ಇಳೀತಾ ಬಂದ ಹಾಗೆ ದಸರಾ, ಪುತ್ತರಿ (ಸುಗ್ಗಿ ಹಬ್ಬ), ಡಿಸೆಂಬರ್ ರಜೆ ಅಂತ ಕೆಲ್ಸ ಸಾಲಾಗಿ ಬರುತ್ತೆ. ಅದಕ್ಕೆ ಮುಂಚೆ ಒಂದು ದಿನ ಕೂತು ಎಲ್ಲಾ ಕ್ಲ್ಯಾಂಪ್ ಒತ್ತಿ ನೋಡಿ, ಪೈಪಿನಲ್ಲಿ ನೀರು ಹಾಯಿಸಿ ನೋಡಿ. ಬೇಕಾದ ಪಾರ್ಟು ಇಲ್ಲಿ ಅಂಗಡಿಯಲ್ಲಿ ಸಿಗೋದು ಕಷ್ಟ, ಹೊರಗಿಂದ ಕೊರಿಯರ್ ಬರೋವರೆಗೆ ಪೋಲ್ ಗೋಡೆಗೆ ಒರಗಿ ನಿಂತಿರುತ್ತೆ, ಆದ್ದರಿಂದ ನಡು ಅಳತೆಯ ಒಂದೆರಡು ಕ್ಲ್ಯಾಂಪು, ಒಂದು ಜೊತೆ ಜೆಟ್ಟು, ನಾಲ್ಕು ಜಾಯಿಂಟು, ಪೋಲಿನುದ್ದದ ಒಳಪೈಪು, ಪಂಪಿನ ಜಾಲರಿ, ಅಲೆನ್ ಕೀ ಇಷ್ಟು ಒಂದು ಡಬ್ಬಿಯಲ್ಲಿ ಯಾವಾಗ್ಲೂ ಜೀಪಿನಲ್ಲಿರ್ಲಿ. ಬಿರುಕು ಬಿಟ್ಟ ಹಳೇ ಸೆಕ್ಷನ್ನನ್ನ ಬಿಸಾಡ್ಬೇಡಿ, ಅದರ ಕ್ಲ್ಯಾಂಪು, ಸ್ಕ್ರೂ ಬಿಚ್ಚಿ ಅದೇ ಡಬ್ಬಿಗೆ ಹಾಕಿಡಿ.